ಎರಡು ಕೋಣೆಯ ಪೆಟ್ಟಿಗೆ

ಹೊಳಲ್ಕೆರೆಯ ಆ ನಿವೃತ್ತ ಉಪಾಧ್ಯಾಯರಿಗೆ ಇಲಿಯೆಂದರೆ ಬೋನು, ಬೋನೆಂದರೆ ಕೊಬ್ಬರಿಯ ಚೂರು. ಅದಕ್ಕಿಂತ ಹೆಚ್ಚಿನ ನಂಟು ಆ ಪ್ರಾಣಿಯೊಡನೆ ಇರಲಿಲ್ಲ. ಮುರಿದ ಕಾಲಿನ ನೋವಿಗೆಂದು ಅಫೀಮಿನ ವರ್ಗದ ಮಾತ್ರೆ ನುಂಗತೊಡಗಿದ ಮಗ, ಕಾಲು ಕೂಡಿದ ಮೇಲೂ ಅದನ್ನು ಬಿಡಲಾರದೆ ಹೋದಾಗ, ಅವನನ್ನು ಬೆಂಗಳೂರಿಗೆ ಕರೆದೊಯ್ದರು. ವೈದ್ಯರು ಇಲಿಗಳ ಮಾತು ತೆಗೆದಾಗ ಅವರ ಮನಸ್ಸು ನೊಂದಿತು.

“ನನ್ನ ಮಗ ಇಲಿಯೇ, ಸ್ವಾಮಿ?”

“ಅಲ್ಲ, ಮೇಷ್ಟ್ರೇ. ಆದರೆ ಸುಖವನ್ನು ಗುರುತಿಸುವ ಮೆದುಳಿನ ವ್ಯವಸ್ಥೆ ಇಬ್ಬರಲ್ಲೂ ಬಹುಮಟ್ಟಿಗೆ ಒಂದೇ ಬಗೆಯದು.”

1954ರಲ್ಲಿ ಕೆನಡಾದಲ್ಲಿ ಓಲ್ಡ್ಸ್ ಮತ್ತು ಮಿಲ್ನರ್ ಎಂಬ ವಿಜ್ಞಾನಿಗಳು ಇಲಿಯ ಮೆದುಳಿಗೆ ತಂತಿ ಸೇರಿಸಿ, ಸನ್ನೆಗೋಲನ್ನು ಒತ್ತಿದರೆ ಸೂಕ್ಷ್ಮ ವಿದ್ಯುತ್ ಹರಿಯುವಂತೆ ಮಾಡಿದರು. ಇಲಿ ಮತ್ತೆ ಮತ್ತೆ ಒತ್ತುತ್ತಲೇ ಹೋಯಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಇಂಥ ಪ್ರಯೋಗಗಳು ನಡೆದವು. ಆ ಅನುಭವದಿಂದ ಇಲಿಯ ನರಕೋಶಗಳ ಕವಲುಗಳೇ ಹೆಚ್ಚುವುದನ್ನು 1990ರ ದಶಕದಲ್ಲಿ ಟಿ. ಆರ್. ರಾಜು, ಬಿ. ಎಸ್. ಶಂಕರನಾರಾಯಣ ರಾವ್ ಮೊದಲಾದವರು ತೋರಿಸಿದರು. ಮಾರ್ಫಿನ್ ತಟ್ಟುವುದೂ ಈ ಸುಖದ ಬಾಗಿಲನ್ನೇ. ಆಗ ಡೋಪಮೈನ್ ಎಂಬ ರಾಸಾಯನಿಕ ಉಕ್ಕುತ್ತದೆ.

ಮೇಷ್ಟರ ಮನಸ್ಸಿನಲ್ಲಿ ನಿಂತದ್ದು ಬೇರೊಂದು ಪ್ರಯೋಗ. ಎರಡು ಕೋಣೆಗಳ ಪೆಟ್ಟಿಗೆ. ಒಂದರಲ್ಲಿ ಇಲಿಗೆ ಮಾರ್ಫಿನ್, ಇನ್ನೊಂದರಲ್ಲಿ ಬರಿಯ ಉಪ್ಪುನೀರಿನ ಚುಚ್ಚುಮದ್ದು. ಕೆಲವು ದಿನಗಳ ತರುವಾಯ ಏನನ್ನೂ ಕೊಡದೆ ನಡುವಣ ಬಾಗಿಲು ತೆರೆದರೆ, ಇಲಿ ಮಾರ್ಫಿನ್ ದೊರೆತ ಕೋಣೆಯಲ್ಲೇ ಹೆಚ್ಚು ಹೊತ್ತು ಕಳೆಯುತ್ತದೆ. ಮದ್ದಿಲ್ಲ, ಮದ್ದಿನ ನೆನಪನ್ನು ಗೋಡೆಗಳೇ ಕಾದಿಟ್ಟಿರುತ್ತವೆ.

ಚಿಕಿತ್ಸೆ ಮುಗಿದು ತಂದೆ-ಮಗ ಊರಿಗೆ ಹೊರಟರು. ಹಿರಿಯೂರು ದಾಟುವವರೆಗೆ ಮಗ ನಗುನಗುತ್ತಲೇ ಇದ್ದ. ಚಿತ್ರದುರ್ಗದಲ್ಲಿ ಬಸ್ಸು ಬದಲಿಸಲು ಇಳಿದಾಗ, ಹಿಂದೆ ಮಾತ್ರೆ ಸಿಗುತ್ತಿದ್ದ ಓಣಿಯ ಕಡೆಗೆ ಅವನ ದೃಷ್ಟಿ ಹೊರಳಿತು, ಮಾತು ನಿಂತಿತು, ಅಂಗೈ ಬೆವರಿತು. ಮೇಷ್ಟರು ಆ ಕೈಯನ್ನು ಹಿಡಿದುಕೊಂಡರು. ಇಷ್ಟು ದಿನ ಅದನ್ನು ಹಟವೆಂದು ಬೈದವರು ಅವರೇ.

ವೈದ್ಯರು ಇನ್ನೊಂದು ಮಾತನ್ನೂ ಹೇಳಿದ್ದರು. 1970ರ ದಶಕದ ಕೊನೆಯಲ್ಲಿ ಕೆನಡಾದ ಬ್ರೂಸ್ ಅಲೆಕ್ಸಾಂಡರ್, ಒಂಟಿ ಪಂಜರದ ಇಲಿಗಳಿಗಿಂತ ವಿಶಾಲ ತಾಣದಲ್ಲಿ ಜೊತೆಗೂಡಿ ಬಾಳಿದ ಇಲಿಗಳು ಮಾರ್ಫಿನ್ ಬೆರೆಸಿದ ನೀರನ್ನು ಕಡಿಮೆ ಕುಡಿದುದನ್ನು ಕಂಡರು. ಮುಂದೆ ಪರೀಕ್ಷಿಸಿದವರಿಗೆಲ್ಲ ಅದೇ ಫಲ ದೊರೆಯಲಿಲ್ಲ. ಸಂಗವೊಂದೇ ಮದ್ದಲ್ಲ, ಬರೆದುಕೊಟ್ಟ ಔಷಧಿ ತಪ್ಪಬಾರದು.

ಮೇಷ್ಟರು ಮನೆಗೆ ಫೋನು ಮಾಡಿ, ಹೊಸದುರ್ಗದ ಬಸ್ಸು ಹತ್ತಿದರು. ಅಲ್ಲಿ ಮಗನ ಸೋದರಮಾವನ ತೆಂಗಿನ ತೋಟ, ಮನೆ ತುಂಬ ಮಕ್ಕಳು. ದಾರಿಯಲ್ಲಿ ಹೊಳಲ್ಕೆರೆ ಬಂದಾಗ ಮಗ ಏಳಹೋದ.

“ಕುಳಿತುಕೋ. ನಿಮ್ಮಮ್ಮನೂ ಇಲ್ಲೇ ಹತ್ತುತ್ತಾಳೆ.”

ತಾಯಿ ಬುತ್ತಿಯ ಗಂಟಿನೊಡನೆ ಹತ್ತಿ, ಏನೂ ಕೇಳದೆ ಮಗನ ಪಕ್ಕದಲ್ಲಿ ಕುಳಿತರು.