ದೋಟಿಯ ತುದಿಯ ಫೋನು

ನೆಟ್ಟಿಗೆಂದು ಕೊಂಡ 3ಜಿ ಡಾಂಗಲ್ಲಿನೊಳಗೆ ಒಂದು ಫೋನೇ ಕೂತಿರುತ್ತದೆ. ಸಿಮ್ ಇದೆ, ರೇಡಿಯೋ ಇದೆ, ಐಎಂಇಐ ನಂಬರೂ ಇದೆ. ಇಲ್ಲದ್ದು ಮೈಕು, ಸ್ಪೀಕರು, ಗುಂಡಿಗಳು ಮಾತ್ರ. ಅವನ್ನು ಕಂಪ್ಯೂಟರು ಕೊಡುತ್ತದೆ. ಮೇಳಿಗೆ ಕಡೆಯ ತೋಟದ ಮನೆಯಲ್ಲಿ ಇದೆಂಥ ಸುಖ ಎನ್ನುವುದು, ಆಷಾಢದ ಮಳೆಯಲ್ಲಿ ಕೊಡೆ ಹಿಡಿದು ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿದವರಿಗೆ ಗೊತ್ತು.

ನಮ್ಮಲ್ಲಿ ಸಿಗ್ನಲ್ ಇರುವುದು ಮನೆಯೊಳಗಲ್ಲ, ಮಾಡಿನ ಮೇಲೆ. ಮೊಬೈಲಾದರೆ ನಾವೂ ಅದರ ಜೊತೆ ಅಲ್ಲಿಗೇ ಹೋಗಬೇಕು. ಡಾಂಗಲ್ಲನ್ನು ಮಾತ್ರ ಕಳಿಸಿ ನಾವು ಒಳಗೇ ಕೂರಬಹುದು. ಯುಎಸ್‌ಬಿ ಎಕ್ಸ್‌ಟೆನ್ಶನ್ ವೈರಿಗೆ ಸಿಕ್ಕಿಸಿ, ಪ್ಲಾಸ್ಟಿಕ್ ಕೊಟ್ಟೆ ಸುತ್ತಿ, ಕೊಟ್ಟೆಯ ಬಾಯಿ ಕೆಳಗಾಗುವಂತೆ ರಬ್ಬರ್ ಬ್ಯಾಂಡ್ ಬಿಗಿದು, ಹಲಸಿನಕಾಯಿ ಕೊಯ್ಯುವ ದೋಟಿಗೆ ಕಟ್ಟಿ ಎತ್ತುವುದು. ವೈರು 5 ಮೀಟರು ದಾಟಬಾರದು. ದಾಟಿದರೆ ಕರೆಂಟು ಸಾಲದೆ ಡಾಂಗಲ್ಲು ಆಗಾಗ ಕಳಚಿಕೊಳ್ಳುತ್ತದೆ. ಕಿಟಕಿಯ ಹೊರಗೆ ವೈರನ್ನು ಸ್ವಲ್ಪ ಜೋಲು ಬಿಡಬೇಕು. ಹರಿದು ಬಂದ ನೀರು ಆ ಜೋಲಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಲ್ಯಾಪ್‌ಟಾಪಿನವರೆಗೆ ಬರುವುದಿಲ್ಲ.

ಆಮೇಲಿನದು ನನಗೆ ಬಲು ಇಷ್ಟದ ಕೆಲಸ. ಡಾಂಗಲ್ಲಿನೊಳಗಿನ ಮೋಡೆಮಿಗೆ ‘ಎಟಿ+ಸಿಎಸ್‌ಕ್ಯೂ’ ಎಂದು ಬರೆದರೆ ಸಿಗ್ನಲ್ ಎಷ್ಟಿದೆಯೆಂದು 0ಯಿಂದ 31ರೊಳಗಿನ ಒಂದು ಅಂಕಿ ಕೊಡುತ್ತದೆ. ಅಪ್ಪಯ್ಯ ಅಂಗಳದಲ್ಲಿ ದೋಟಿ ಹಿಡಿದು ನಿಲ್ಲುತ್ತಾರೆ, ನಾನು ಒಳಗಿನಿಂದ ಕೂಗುತ್ತೇನೆ: “ಒಂಬತ್ತು... ಏಳು... ಹದಿನಾಲ್ಕು! ಅಲ್ಲೇ ಇರ್ಲಿ ಅಪ್ಪಯ್ಯ!” ಒಂದು ಗೇಣು ಸರಿಸಿದ್ದಕ್ಕೆ ಇಷ್ಟು ವ್ಯತ್ಯಾಸ. 900 ಮೆಗಾಹರ್ಟ್ಸ್ ಅಲೆಯ ಉದ್ದವೇ ಸುಮಾರು 33 ಸೆಂಟಿಮೀಟರು. ಗುಡ್ಡಕ್ಕೂ ಮರಕ್ಕೂ ಬಡಿದು ಬಂದ ಅಲೆಗಳು ಒಂದು ಕಡೆ ಕೂಡಿಕೊಂಡು ಬಲವಾಗುತ್ತವೆ, ಗೇಣಾಚೆ ಒಂದನ್ನೊಂದು ಅಳಿಸಿಬಿಡುತ್ತವೆ.

ಕರೆ ಮಾಡಲು ‘ಎಟಿಡಿ’, ನಂಬರು, ಕೊನೆಗೊಂದು ಅರ್ಧವಿರಾಮ. ಆ ಚಿಹ್ನೆ ಇದ್ದರೇನೇ ಇದು ಡೇಟಾ ಅಲ್ಲ, ಮಾತು ಎಂದು ಮೋಡೆಮಿಗೆ ತಿಳಿಯುವುದು. ಎತ್ತಲು ‘ಎಟಿಎ’, ಇಡಲು ‘ಎಟಿಎಚ್’. 1981ರ ಹೇಯ್ಸ್ ಸ್ಮಾರ್ಟ್‌ಮೋಡೆಮಿನ ಭಾಷೆ ಇದು, ಇಂದಿಗೂ ನಡೆಯುತ್ತದೆ. ಹುವಾವೇ ಇ1550ಯಂಥ ಡಾಂಗಲ್ಲುಗಳಲ್ಲಿ ದನಿಯ ಬಾಗಿಲು ತೆರೆದಿದ್ದರೆ, ಸೆಕೆಂಡಿಗೆ 8000 ಮಾದರಿಗಳಾಗಿ ಮಾತು ಯುಎಸ್‌ಬಿ ವೈರಿನಲ್ಲೇ ಇಳಿದು ಬರುತ್ತದೆ. ಸ್ಕೈಪಿಗೆ ಬೇಕಿದ್ದ ಹಾಗೆ ಇದಕ್ಕೆ ನೆಟ್ ಬೇಕಿಲ್ಲ, ಕರೆ ಹೋಗುವುದು ಮೊಬೈಲಿನ ಮಾಮೂಲಿ ದಾರಿಯಲ್ಲೇ. 3ಜಿ ಹೋಗಿ ಬರೀ 2ಜಿ ಉಳಿದಾಗಲೂ ಮಾತು ನಡೆಯುತ್ತದೆ. 4ಜಿ ಡಾಂಗಲ್ಲುಗಳಲ್ಲಿ ಈ ಭಾಗ್ಯ ಅಪರೂಪ. ಹಳೆಯದನ್ನು ನಾನು ಜೋಪಾನ ಮಾಡಿರುವುದು ಅದಕ್ಕೇ.

ಇದರ ಪೂರ್ತಿ ಲಾಭ ಅಡಿಕೆ ಸುಲಿಯುವ ದಿನಗಳಲ್ಲಿ. ಮೆಟ್ಟುಗತ್ತಿಯ ಮುಂದೆ ಕೂತವರಿಗೆ ಎರಡು ಕೈಯೂ ಬೇಕು, ಫೋನು ಹಿಡಿಯುವುದು ಹೇಗೆ? ಲ್ಯಾಪ್‌ಟಾಪನ್ನು ಜಗಲಿಯಲ್ಲಿಟ್ಟು ದೊಡ್ಡ ಸ್ಪೀಕರು ಹಚ್ಚುತ್ತೇನೆ. ಬೆಂಗಳೂರಿನಿಂದ ತಂಗಿ ಅಮ್ಮನ ಹತ್ತಿರ ಒಂದು ಕೇಳಿದರೆ ಸುಲಿಯುವವರೆಲ್ಲ ಉತ್ತರ ಕೊಡುತ್ತಾರೆ. ಮೈಕು ಮಾತ್ರ ಸ್ಪೀಕರಿನ ಹಿಂದಿರಬೇಕು, ಇಲ್ಲದಿದ್ದರೆ ಅವಳಿಗೆ ಅವಳ ಮಾತೇ ತಿರುಗಿ ಕೇಳುತ್ತದೆ.