ಮೀಟರಿನ ಪಾಲು

ಅಮ್ಮೀಟರನ್ನು ಮಂಡಲದಲ್ಲಿ ಸರಣಿಯಾಗಿ ಜೋಡಿಸಬೇಕು, ಅದರ ರೋಧ ನಗಣ್ಯ ಎಂದು ಸುಮಾರು ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದವನು ನಾನು. ಆ ‘ನಗಣ್ಯ’ದ ಬಗ್ಗೆ ಈ ಬರಹ.

ಹೋದ ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗ ಆರ್ಡುಯಿನೊ ಪ್ರೊ ಮಿನಿ ಎಂಬ ಪುಟ್ಟ ಫಲಕದಿಂದ ಒಂದು ಸಾಧನ ಮಾಡಿದ. ಹತ್ತು ನಿಮಿಷಕ್ಕೊಮ್ಮೆ ಒಂದು ಸೆಕೆಂಡು ಎಚ್ಚೆತ್ತು, ತೊಟ್ಟಿಯಲ್ಲಿ ನೀರು ಇಳಿದಿದ್ದರೆ ಸದ್ದು ಮಾಡಿ, ಮತ್ತೆ ನಿದ್ರಿಸುವುದು ಅದರ ಕೆಲಸ. ಮೂರು ಪೆನ್ಸಿಲ್ ಸೆಲ್ಲುಗಳು ವರ್ಷವಾದರೂ ಬಾಳಲಿ ಎಂಬುದು ಅವನ ಆಸೆ. ಅವು ತಿಂಗಳೊಳಗೇ ಬರಿದಾದವು.

ನನ್ನ ಹಳೆಯ ಮಲ್ಟಿಮೀಟರನ್ನು ಸರಣಿಯಲ್ಲಿ ಜೋಡಿಸಿ ನೋಡಿದರೆ ನಿದ್ರೆಯಲ್ಲೂ 3 ಮಿಲಿಆಂಪಿಯರ್! ಸೆಲ್ಲಿನ ಸಾಮರ್ಥ್ಯ ಸುಮಾರು 2000 ಮಿಲಿಆಂಪಿಯರ್-ಗಂಟೆ. ಭಾಗಿಸಿದರೆ 27 ದಿನ. ಫಲಕದ ಮೇಲೆ ಸದಾ ಉರಿಯುವ ಎಲ್‌ಇಡಿಯೇ ಕಳ್ಳ. ಅದನ್ನು ಕಿತ್ತೆವು.

ಸಾಧನ ನಿದ್ರೆಗೆ ಜಾರಿದ ಮೇಲೆ, ಸೂಕ್ಷ್ಮವಾಗಿ ಅಳೆಯಲೆಂದು 200 ಮೈಕ್ರೋಆಂಪಿಯರ್ ಶ್ರೇಣಿಗೆ ತಿರುಗಿಸಿದೆ. 60 ತೋರಿತು. ಹಿಗ್ಗಿದೆವು. ಆದರೆ ಎಚ್ಚರಗೊಳ್ಳಬೇಕಾದ ಹೊತ್ತಿಗೆ ಸಾಧನ ನಿಂತೇಹೋಯಿತು. ಆ ಶ್ರೇಣಿಯಲ್ಲಿ ಇಂಥ ಅಗ್ಗದ ಮೀಟರಿನ ಒಳರೋಧ ಸುಮಾರು 1000 ಓಮ್. ಎಚ್ಚೆತ್ತಾಗ ಬೇಕಾಗುವ 15 ಮಿಲಿಆಂಪಿಯರ್ ಅದರ ಮೂಲಕ ಹರಿಯಲು 15 ವೋಲ್ಟ್ ಬೇಕು. ನಮ್ಮಲ್ಲಿದ್ದುದು ನಾಲ್ಕೂವರೆ.

“ತಾತ, ಮೀಟರೇ ತಡೀತಿದೆ!” ಎಂದ ಮೊಮ್ಮಗ.

1988ರ ತರಗತಿಯೊಂದು ಕಣ್ಣಮುಂದೆ ಬಂತು. ಕಡೆಯ ಬೆಂಚಿನ ಹುಡುಗನೊಬ್ಬ ಎದ್ದು, “ಸಾರ್, ಮೀಟರ್ ಸೇರಿಸಿದ ಮೇಲೂ ಮೊದಲಿನಷ್ಟೇ ಕರೆಂಟ್ ಹರಿಯುತ್ತಾ?” ಎಂದು ಕೇಳಿದ್ದ. “ಪುಸ್ತಕದಲ್ಲಿರುವಷ್ಟು ಕಲಿ, ಸಾಕು” ಎಂದಿದ್ದೆ. ತರಗತಿ ನಕ್ಕಿತ್ತು. ಅವನು ಆ ವರ್ಷ ಮತ್ತೆ ಪ್ರಶ್ನೆ ಕೇಳಲಿಲ್ಲ. ಉತ್ತರ ನನಗೆ ತಿಳಿಯದ್ದೇನಲ್ಲ. ಮಕ್ಕಳ ಪ್ರಶ್ನೆಗಳನ್ನು ಚಿವುಟಬಾರದೆಂದು ಬಿ.ಎಡ್.ನಲ್ಲಿ ಕಲಿತೂ ಇದ್ದೆ. ಪಾಠ ಮುಗಿಸುವ ಅವಸರವಿತ್ತು, ಅಷ್ಟೆ.

ಮೀಟರಿನ ಎರಡು ತುದಿಗಳಿಗೂ ಅಡ್ಡಲಾಗಿ ಒಂದು ತಂತಿ ಹಿಡಿದು, ಸಾಧನ ಎಚ್ಚರವಿರುವಾಗ ಪ್ರವಾಹವನ್ನು ಅದರಲ್ಲಿ ಹರಿಯಗೊಟ್ಟು, ನಿದ್ರಿಸಿದ ಮೇಲೆ ತಂತಿಯನ್ನು ತೆಗೆದು ಮತ್ತೆ ಅಳೆದೆವು. ಎಚ್ಚರದ ಒಂದು ಸೆಕೆಂಡನ್ನು ಸೇರಿಸಿದರೂ ಸರಾಸರಿ 0.1 ಮಿಲಿಆಂಪಿಯರನ್ನು ದಾಟಲಿಲ್ಲ. ಕಾಗದದ ಲೆಕ್ಕದಲ್ಲಿ ಎರಡು ವರ್ಷಕ್ಕೂ ಮಿಗಿಲು. ಸೆಲ್ಲು ತಾನಾಗಿಯೇ ಸವೆಯುವುದನ್ನು ಕಳೆದರೂ ಮೊಮ್ಮಗನ ಆಸೆಗೆ ಸಾಕು.

ಅಂದಿನ ಆ ವಿದ್ಯಾರ್ಥಿ ಎಲ್ಲಿದ್ದಾನೋ ತಿಳಿಯದು. ಇದು ಅವನ ಕಣ್ಣಿಗೆ ಬಿದ್ದರೆ ಹೇಳಬೇಕಾದುದಿಷ್ಟು: ಅಪ್ಪಾ, ಮೀಟರೂ ತನ್ನ ಪಾಲನ್ನು ತೆಗೆದುಕೊಳ್ಳುತ್ತದೆ. ಅದು ನಗಣ್ಯವೋ ಅಲ್ಲವೋ ಎಂಬುದು ಮಂಡಲವನ್ನು ಅವಲಂಬಿಸಿದೆ. ನಿನ್ನ ಪ್ರಶ್ನೆ ಸರಿಯಾಗಿತ್ತು, ತಪ್ಪು ನನ್ನದು.