ಆಲದ ಮರದವರೆಗೆ ಸೈಕಲ್ಲು, ಮನೇಲಿ ಗಂಜಿ

ಶಿವರಾತ್ರಿ ಆಗಿ ಎರಡು ವಾರ ಆಗಿತ್ತು. ಪಾರ್ಕಲ್ಲಿ ವಾಕಿಂಗ್ ಮುಗಿಸಿ ಬೆಂಚಿನ ಮೇಲೆ ಕೂತಿದ್ವಿ. ಎದುರು ಮನೆ ಅಕ್ಕ ಇದ್ದಕ್ಕಿದ್ದಂಗೆ, "ಈ ಭಾನುವಾರ ದೊಡ್ಡ ಆಲದ ಮರಕ್ಕೆ ಸೈಕಲ್ಲಲ್ಲೇ ಹೋಗಿ ಬರೋಣ ಕಣ್ರೇ" ಅಂದ್ರು. ನಾವು ಐದು ಜನ. ಎಲ್ಲರಿಗೂ ನಲವತ್ತೈದು ದಾಟಿದೆ, ಇಬ್ಬರಿಗೆ ಮಂಡಿನೋವು. ಆರು ತಿಂಗಳಿಂದ ಆಟದ ಮೈದಾನದಲ್ಲಿ ಸುತ್ತು ಹೊಡೀತಾ ಇದ್ವಿ ಅಷ್ಟೆ, ರಸ್ತೆಗೆ ಅಂತ ಇಳಿದಿರಲಿಲ್ಲ.

ನಾನು ಸೈಕಲ್ ಕಲಿತಿದ್ದು ಕುಣಿಗಲ್ ಕಡೆ ನಮ್ಮೂರಲ್ಲಿ. ಗಂಟೆಗೆ ಐವತ್ತು ಪೈಸೆ ಬಾಡಿಗೆ. ದೊಡ್ಡ ಗಂಡಸರ ಸೈಕಲ್ಲು, ಸೀಟು ಎಟುಕ್ತಾ ಇರಲಿಲ್ಲ, ಬಾರ್ ಕೆಳಗಿಂದ ಕಾಲು ತೂರಿಸಿ ತುಳೀತಿದ್ದೆ. ದೊಡ್ಡೋಳಾದ್ಮೇಲೆ ಅಜ್ಜಿ, "ಇನ್ನು ಸಾಕು ಬಿಡವ್ವ, ನೋಡೋರು ಏನಂತಾರೆ" ಅಂದ್ರು. ಅಲ್ಲಿಗೆ ಮುಗೀತು. 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರವೇ ಸೈಕಲ್ ಕೊಡೋಕೆ ಶುರು ಮಾಡಿದಾಗ, ಊರಿಗೆ ಹೋದಾಗೆಲ್ಲ ಹೆಣ್ಣುಮಕ್ಕಳು ಸಾಲಾಗಿ ಸೈಕಲ್ಲಲ್ಲಿ ಸ್ಕೂಲಿಗೆ ಹೋಗೋದನ್ನ ನಿಂತು ನೋಡ್ತಿದ್ದೆ. ಅಜ್ಜಿ ಆಗ ಇರಲಿಲ್ಲ.

ಹೋಗೋಕೆ ಆಸೆ ಇತ್ತು. ಆದರೆ ನಮ್ಮತ್ತೆ? ನಿಮಗೆಲ್ಲ ಗೊತ್ತಿರೋದೇ, ಪಾರ್ಶ್ವವಾಯು ಆಗಿ ಎರಡು ವರ್ಷದಿಂದ ಹಾಸಿಗೆ ಮೇಲಿದ್ದಾರೆ. ಬೆಳಗ್ಗೆ ಮುಖ ತೊಳಸಿ, ಬಟ್ಟೆ ಬದಲಾಯಿಸಿ, ರಾಗಿ ಗಂಜಿ ಕುಡಿಸೋದು ನಾನೇ. ಗಂಜಿ ಕುಡಿಸೋದು ಅಂದ್ರೆ ಸುಮ್ನೆ ಅಲ್ಲ. ನೀರಾಗಿದ್ರೆ ಗಂಟಲಲ್ಲಿ ಅಡ್ಡ ಹೋಗಿ ಕೆಮ್ಮು ಬರುತ್ತೆ, ಸ್ವಲ್ಪ ಗಟ್ಟಿ ಇರಬೇಕು. ದಿಂಬು ಕೊಟ್ಟು ನೆಟ್ಟಗೆ ಕೂರಿಸಬೇಕು, ಗದ್ದ ಒಂಚೂರು ಕೆಳಗೆ ಬಗ್ಗಿರಬೇಕು, ಒಂದು ಚಮಚ ನುಂಗಿದ್ರು ಅಂತ ಗೊತ್ತಾದ್ಮೇಲೇ ಇನ್ನೊಂದು. ಕುಡಿಸಿದ ತಕ್ಷಣ ಮಲಗಿಸಂಗಿಲ್ಲ. ಎರಡು ವರ್ಷದಲ್ಲಿ ಒಂದು ಬೆಳಗ್ಗೇನೂ ತಪ್ಪಿಸಿರಲಿಲ್ಲ.

ರಾತ್ರಿ ಊಟಕ್ಕೆ ಬಡಿಸ್ತಾ ನಮ್ಮೆಜಮಾನ್ರಿಗೆ ಹೇಳಿದೆ. "ಈ ವಯಸ್ಸಲ್ಲಿ ಸೈಕಲ್ಲಾ? ಅಮ್ಮನ್ನ ಯಾರು ನೋಡ್ಕೋತಾರೆ?" ಅಂದ್ರು. "ನೀವು" ಅಂದೆ. ಬಾಯಿಂದ ಬಂದೇಬಿಡ್ತು. ಅವರು ಮಾತಾಡಲಿಲ್ಲ. ಒಳಗಿಂದ ಅತ್ತೆ ಏನೋ ಅಂದಂಗಾಯ್ತು. ಹೋಗಿ ನೋಡಿದ್ರೆ, ಸರಿ ಇರೋ ಕೈನ ಬಾಗಿಲ ಕಡೆ ಬೀಸ್ತಾ, "ಓಗು, ಓಗು" ಅಂತಿದ್ರು.

ಭಾನುವಾರ ಬೆಳಗ್ಗೆ ಐದೂವರೆಗೆ ಹೊರಟ್ವಿ. ಚಂದ್ರಾ ಲೇಔಟ್, ನಾಗರಭಾವಿ ದಾಟಿ ಉಲ್ಲಾಳದ ಕಡೆಯಿಂದ ಕೊಮ್ಮಘಟ್ಟ, ಸೂಲಿಕೆರೆ, ಆಮೇಲೆ ರಾಮೋಹಳ್ಳಿ. ಮೈಸೂರು ರಸ್ತೆ ಹಿಡಿದ್ರೆ ಲಾರಿ ಕಾಟ, ವೃಷಭಾವತಿ ವಾಸನೆ ಬೇರೆ, ಅದಕ್ಕೇ ಒಳದಾರಿ. ಹೋಗಿ ಬರೋಕೆ ಹತ್ತಿರ ಹತ್ತಿರ 40 ಕಿಲೋಮೀಟರ್. ನಾಲ್ಕು ಜನ ಚೂಡಿದಾರ, ವೇಲನ್ನ ಸೊಂಟಕ್ಕೆ ಸುತ್ತಿ ಗಂಟು ಹಾಕಿದ್ವಿ. ಹೊಲಿಗೆ ಆಂಟಿ ಮಾತ್ರ ಮಗನ ಟ್ರ್ಯಾಕ್ ಪ್ಯಾಂಟ್ ಹಾಕ್ಕೊಂಡು ಬಂದಿದ್ರು, ನೋಡಿ ನೋಡಿ ನಕ್ವಿ.

ಕೊಮ್ಮಘಟ್ಟ ದಾಟೋವರೆಗೆ ಊರೋ ಸಿಟಿಯೋ ಗೊತ್ತಾಗಲ್ಲ. ರಾಗಿ ಹೊಲ ಇದ್ದ ಕಡೆ ಸೈಟ್ ಕಲ್ಲು ನೆಟ್ಟಿದ್ದಾರೆ. 2021ರಲ್ಲಿ ಮೆಟ್ರೋ ಕೆಂಗೇರಿ ಮುಟ್ಟಿದ ಮೇಲಂತೂ ಕೇಳೋದೇ ಬೇಡ. ಸೂಲಿಕೆರೆ ಹತ್ತಿರ ಹೋದಂಗೆ ಗಾಳಿ ಬದಲಾಯ್ತು. ಹೊಂಗೆ ಮರಗಳು ಆಗಷ್ಟೇ ಚಿಗುರಿದ್ವು, ಎಲೆ ಎಣ್ಣೆ ಹಚ್ಚಿದಂಗೆ ಮಿಂಚ್ತಿತ್ತು. ಮಾವಿನ ಮರದಲ್ಲಿ ಗೋಲಿ ಗಾತ್ರದ ಕಾಯಿ. ಎಲ್ಲೋ ಕೋಗಿಲೆ. ಒಂದು ಮನೆ ಮುಂದೆ ಹುಣಸೆಹಣ್ಣು ರಾಶಿ ಹಾಕ್ಕೊಂಡು ಹೆಂಗಸರು ಸಿಪ್ಪೆ ಬಿಡಿಸಿ ಬೀಜ ತೆಗೀತಿದ್ರು. "ಎಲ್ಗವ್ವಾ ಇಷ್ಟ್ ಜನ ಸೈಕಲ್ಲಾಗೆ?" ಅಂತ ಒಬ್ಬ ಅಜ್ಜಿ ಕೂಗಿದ್ರು. "ಆಲದ ಮರಕ್ಕಜ್ಜಿ" ಅಂದ್ವಿ. "ಬಸ್ಸೈತಲ್ಲ!" ಅಂದ್ರು. ನಕ್ಕು ನಕ್ಕು ನನ್ನ ಸೈಕಲ್ ಹ್ಯಾಂಡಲ್ ಅಲ್ಲಾಡಿ ಬೀಳೋದು ತಪ್ತು. ಹೊಸ ಹುಣಸೆಹಣ್ಣು ಎರಡು ಕೆಜಿ ಬರ್ತಾ ತಗೊಳ್ಳೋದು ಅಂತ ಅಲ್ಲೇ ಮಾತಾಯ್ತು.

ಒಂದು ಏರು ಬಂತು. ಮೊದಲೇ ಹಗುರ ಗೇರಿಗೆ ಹಾಕ್ಕೋಬೇಕು, ಏರಿನ ಮಧ್ಯ ಹಾಕೋಕೆ ಹೋದ್ರೆ ಚೈನು ಬಿಚ್ಕೊಳ್ಳುತ್ತೆ. ನಂದು ಬಿಚ್ಕೊಳ್ತು. ಇಳಿದು ತಳ್ಕೊಂಡು ಹೋದೆ, ನಾಚಿಕೆ ಏನಿಲ್ಲ.

ಎಂಟು ಗಂಟೆಗೆ ಮರ ತಲುಪಿದ್ವಿ. ನೋಡದೇ ಇರೋರಿಗೆ ಹೇಳ್ತೀನಿ, ಇದು ಸುಮಾರು 400 ವರ್ಷದ ಮರ ಅಂತಾರೆ, 3 ಎಕರೆಯಷ್ಟು ಹರಡಿದೆ. ಆದ್ರೆ ಮಧ್ಯದ ಮೂಲ ಕಾಂಡ ಈಗಿಲ್ಲ, ರೋಗ ಬಂದು ಸತ್ತೇ ಹೋಯ್ತು. ಬಿಳಲುಗಳೇ ಭೂಮಿಗಿಳಿದು ಒಂದೊಂದೂ ಕಾಂಡ ಆಗಿ ನಿಂತಿವೆ. ಹೊಸದಾಗಿ ನೋಡಿದೋರಿಗೆ ನೂರಾರು ಮರ ಇದ್ದಂಗೆ ಕಾಣುತ್ತೆ.

ಪುಳಿಯೋಗರೆ ಡಬ್ಬ ಬಿಚ್ಚಿದ್ದೇ ತಡ, ಒಂದು ಕೋತಿ ಬಂದು ಕೋಡುಬಳೆ ಕವರ್ ಕಿತ್ಕೊಂಡು ಮೇಲೆ ಹತ್ತಿ ಕೂತ್ಕೊಳ್ತು. ಎದುರು ಮನೆ ಅಕ್ಕ ಅದಕ್ಕೆ ಬೈದ ಪರಿ ನೀವು ಕೇಳಬೇಕಿತ್ತು. ಉಳಿದಿದ್ದನ್ನ ಗೇಟಿನಾಚೆ ಅಂಗಡಿ ಹತ್ತಿರ ತಿಂದ್ವಿ.

ಆಗ ಫೋನ್ ಬಂತು. "ಗಂಜಿಗೆ ಉಪ್ಪು ಎಷ್ಟು ಹಾಕ್ಲಿ?" ನಮ್ಮೆಜಮಾನ್ರು. ಅಷ್ಟೇ ಕೇಳಿದ್ದು. ನನಗೆ ಮಾತ್ರ ಎದೆ ಧಸಕ್ ಅಂತು. ಯಾಕಂದ್ರೆ ಸೂಲಿಕೆರೆಯಿಂದ ಇಲ್ಲಿವರೆಗೆ ಅತ್ತೆ ನನ್ನ ನೆನಪಿಗೇ ಬಂದಿರಲಿಲ್ಲ. ಒಂದು ಸಲಾನೂ. ಎರಡು ವರ್ಷ ರಾತ್ರಿ ನಿದ್ದೇಲೂ ಅವರ ಕೆಮ್ಮಿಗೆ ಎದ್ದು ಕೂರೋ ನಾನು, ಹೊಂಗೆ ಚಿಗುರು ನೋಡ್ತಾ ಅವರನ್ನ ಪೂರ್ತಿ ಮರೆತುಬಿಟ್ಟಿದ್ದೆ. ಭಯ ಆಯ್ತು. ಪಾಪ ಮಾಡ್ದಂಗೂ ಅನ್ನಿಸ್ತು. ಹಾಗೇನೇ, ಸುಳ್ಳು ಯಾಕೆ ಹೇಳ್ಲಿ, ಮೈ ಹಗುರ ಆಗಿತ್ತು.

ಹೊಲಿಗೆ ಆಂಟಿಗೆ ಹೇಳ್ಕೊಂಡೆ. ಅವರು ಗಂಡನ್ನ ಆರು ವರ್ಷ ನೋಡ್ಕೊಂಡೋರು, ಈಗ ಅವರಿಲ್ಲ. "ನಾನು ಒಂದು ದಿನಾನೂ ಮರೀಲಿಲ್ಲ ಕಣೇ. ಕೊನೆಕೊನೆಗೆ ಅವರ ಮೇಲೇ ಸಿಡುಕ್ತಿದ್ದೆ. ಮರ್ತಿದ್ರೆ ಚೆನ್ನಾಗಿರೋದು" ಅಂದ್ರು. ಅದಕ್ಕಿಂತ ಜಾಸ್ತಿ ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ವಾಪಸ್ ಬರ್ತಾ ಬಿಸಿಲು ಏರಿತ್ತು. ಒಬ್ಬರ ಸೈಕಲ್ ಪಂಚರ್, ಅರ್ಧ ಗಂಟೆ ಹೋಯ್ತು. ಮನೆ ಸೇರಿದಾಗ ಹನ್ನೊಂದೂವರೆ. ನಮ್ಮೆಜಮಾನ್ರ ಬನಿಯನ್ ತುಂಬ ಗಂಜಿ ಕಲೆ. ಅರ್ಧ ಲೋಟ ಕುಡಿಸೋಕೆ ಒಂದು ಗಂಟೆ ಹಿಡಿದಿದೆ. "ದಿನಾ ಇಷ್ಟೊತ್ತು ಹಿಡಿಯುತ್ತಾ?" ಅಂದ್ರು. "ಹೂಂ" ಅಂದೆ. ಅತ್ತೆ ನನ್ನ ಮೊಣಕೈ, ಮೊಣಕಾಲು ಎಲ್ಲ ನೋಡಿ, "ಬಿದ್ಯಾ?" ಅಂದ್ರು. "ಇಲ್ಲ ಅತ್ತೆ." ಸೊಟ್ಟ ಬಾಯಲ್ಲೇ ನಕ್ರು. ಸಂಜೆ ಗಂಜಿಗೆ ನಮ್ಮೆಜಮಾನ್ರೇ ಎದ್ರು. ಈ ಸಲ ಗದ್ದ ಬಗ್ಗಿಸೋದು ಹೇಗೆ ಅಂತ ತೋರಿಸಿಕೊಟ್ಟೆ, ಆಚೆ ಬಂದು ಹುಣಸೆಹಣ್ಣು ಬಿಸಿಲಿಗೆ ಹಾಕಿದ್ದನ್ನ ಎತ್ತಿಟ್ಟೆ.

ಯುಗಾದಿ ಆದ್ಮೇಲೆ ಇನ್ನೊಂದು ಸಲ ಹೋಗೋದು ಅಂತಿದೆ. ಬರೋರು ಎರಡು ಬಾಟಲ್ ನೀರು, ಒಂದಿಷ್ಟು ಕಡಲೆ ಮಿಠಾಯಿ, ಪಂಚರ್ ಸಾಮಾನು ಇಟ್ಕೊಳ್ಳಿ. ಕೋಡುಬಳೆ ಮಾತ್ರ ಯಾರೂ ತರಬೇಡಿ.